ಡೀಸೆಲ್ ಟ್ಯಾಂಕು ಸೋರಿದಾಗ, ಮೀಟರಿನ ಮುಳ್ಳು ಸುಳ್ಳು ಹೇಳಿದಾಗ

ಮುಂಗಾರು ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ ಎಂದುಕೊಳ್ಳಿ. ಬೆಳಗ್ಗೆಯೇ ಟ್ರ್ಯಾಕ್ಟರು ಹೂಡಿ ಉಳುಮೆ ಆರಂಭಿಸಿದ್ದೀರಿ. ನಾಲ್ಕು ಸುತ್ತು ಬಂದ ಮೇಲೆ ಎಂಜಿನ್ನು ಕೆಮ್ಮಿ, ಗೊಗ್ಗರಿಸಿ, ಹೊಲದ ನಡುವೆಯೇ ನಿಂತುಬಿಡುತ್ತದೆ. ಮೀಟರು ನೋಡಿದರೆ ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿದೆ. ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟರೆ ಕಡ್ಡಿಯ ತುದಿಯೂ ಒದ್ದೆಯಾಗುವುದಿಲ್ಲ. ಇನ್ನು ಕ್ಯಾನು ಹಿಡಿದು ಬಂಕಿಗೆ ಓಡಬೇಕು, ಬಂದು ಡೀಸೆಲ್ ಹೊಯ್ಯಬೇಕು, ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಲು ಮೆಕ್ಯಾನಿಕ್ಕನ್ನು ಕರೆತರಬೇಕು. ಅಷ್ಟರಲ್ಲಿ ದಿನ ಕಳೆದಿರುತ್ತದೆ, ಹದವೂ ಆರಿರುತ್ತದೆ. “ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು” ಎಂದು ಹಿರಿಯರು ಹೇಳಿದ್ದು ಎತ್ತಿನ ಕಾಲದಲ್ಲಿ. ಟ್ರ್ಯಾಕ್ಟರಿನ ಕಾಲದಲ್ಲಿಯೂ ಆ ಮಾತು ಹಾಗೆಯೇ ನಿಂತಿದೆ.

ನಮ್ಮ ಹಳ್ಳಿಗಳಲ್ಲಿ ಹದಿನೈದು, ಇಪ್ಪತ್ತು, ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ಎಷ್ಟೋ ಇವೆ. ಎಂಜಿನ್ನು ಗಟ್ಟಿಯಾಗಿಯೇ ಇರುತ್ತದೆ. ಆದರೆ ಟ್ಯಾಂಕು ತುಕ್ಕು ಹಿಡಿದು ಸೋರುತ್ತದೆ, ಮೀಟರು ಕೆಟ್ಟಿರುತ್ತದೆ. ಟ್ರ್ಯಾಕ್ಟರು ನಡೆಸುವುದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ. ನಿಮ್ಮಲ್ಲಿ ಬಹುಮಂದಿ ನನಗಿಂತ ಹಿರಿಯರು, ಅನುಭವಸ್ಥರು. ಕೃಷಿ ಡಿಪ್ಲೊಮಾ ಓದುವಾಗ ಯಂತ್ರಗಳ ಪಾಠದಲ್ಲಿ ಕಲಿತದ್ದನ್ನೂ, ಆಮೇಲೆ ನಮ್ಮ ಮನೆಯಲ್ಲಿಯೇ ಪೆಟ್ಟು ತಿಂದು ಕಲಿತದ್ದನ್ನೂ ಇಲ್ಲಿ ತಿಳಿಸುತ್ತೇನೆ. ಇದರಲ್ಲಿ ಹಣ ಉಳಿಸುವ ಮಾತು ಕೆಲವಿದೆ. ಪ್ರಾಣ ಉಳಿಸುವ ಮಾತು ಒಂದಿದೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಮಾವನ ಟ್ಯಾಂಕಿನ ಕಥೆ

ನನ್ನ ಸೋದರಮಾವನ ಬಳಿ ಒಂದು ಹಳೆಯ ಟ್ರ್ಯಾಕ್ಟರು ಇದೆ. ಅದರ ಟ್ಯಾಂಕಿನ ತಳದಲ್ಲಿ ಸಾಸಿವೆಯಷ್ಟು ತೂತು ಬಿತ್ತು. ಮಾವ ಟ್ಯಾಂಕು ಬಿಚ್ಚಿ, ಡೀಸೆಲ್ಲೆಲ್ಲ ಬಗ್ಗಿಸಿ, ಎರಡು ದಿನ ಬಿಸಿಲಿಗೆ ಇಟ್ಟರು. ಆಮೇಲೆ ಅದನ್ನು ಹೊತ್ತು ವೆಲ್ಡಿಂಗ್ ಅಂಗಡಿಗೆ ನಡೆದರು. ನಾನೂ ಜೊತೆಯಲ್ಲಿದ್ದೆ.

“ಮಾವ, ಒಳಗೆ ಡೀಸೆಲ್ ವಾಸನೆ ಇನ್ನೂ ಇದೆಯಲ್ಲ?” ಎಂದೆ.

“ಒಂದು ತೊಟ್ಟೂ ಇಲ್ಲ ಕಣೋ ಅಳಿಯ. ಎರಡು ದಿನ ಒಣಗಿದೆ. ಖಾಲಿ ಡಬ್ಬ, ಅದರಲ್ಲಿ ಏನು ಉರಿಯುತ್ತೆ?” ಎಂದರು.

ವೆಲ್ಡಿಂಗ್ ಹುಡುಗನೂ ಅದೇ ಮಾತು ಹೇಳಿದ. ಕಿಡಿ ತಾಗಿಸಿ ಒಂದು ನಿಮಿಷವೂ ಆಗಿರಲಿಲ್ಲ. ಗುಂಡು ಹಾರಿದಂತೆ ಸದ್ದಾಯಿತು. ಟ್ಯಾಂಕಿನ ಹೊಲಿಗೆ ಒಂದು ಬದಿಯಲ್ಲಿ ಉದ್ದಕ್ಕೂ ಸೀಳಿತ್ತು. ಟ್ಯಾಂಕಿನ ಬಾಯಿ ಗೋಡೆಯ ಕಡೆಗಿದ್ದುದರಿಂದ ಬೆಂಕಿ ಆ ಕಡೆಗೆ ಹೋಯಿತು. ಹುಡುಗನ ಹುಬ್ಬು ಸುಟ್ಟು, ಮುಂಗೈ ಬೆಂದು, ಅಷ್ಟರಲ್ಲಿಯೇ ಉಳಿದುಕೊಂಡ. ಬಾಯಿ ಅವನ ಮುಖದ ಕಡೆಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಮಾವ ಆಸ್ಪತ್ರೆಯ ಖರ್ಚು ಕೊಟ್ಟರು, ಹೊಸ ಟ್ಯಾಂಕೂ ಕೊಂಡರು. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು” ಎಂದು ಅವರೇ ಹೇಳಿಕೊಂಡರು.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ

ಇದು ಹೇಗೆ ಎಂದು ಕೇಳುವಿರಿ. ಉರಿಯುವುದು ದ್ರವರೂಪದ ಡೀಸೆಲ್ಲಲ್ಲ. ಅದರಿಂದ ಏಳುವ ಆವಿ. ಆವಿಗೆ ಗಾಳಿ ಬೆರೆತಾಗಲೇ ಬೆಂಕಿ ಹತ್ತುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಖಾಲಿ ಟ್ಯಾಂಕಿನಲ್ಲಿ ಗಾಳಿಯೇ ತುಂಬಿರುತ್ತದೆ. ಬೇಕಾದ ಆವಿಯನ್ನು ತುಕ್ಕಿನ ಪದರದೊಳಗೆ, ಹೊಲಿಗೆಯ ಸಂದಿಯೊಳಗೆ ಅಂಟಿಕೊಂಡ ಡೀಸೆಲ್ ಒದಗಿಸುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಗ್ಯಾಸಿನ ಬೆಸುಗೆಯ ಜ್ವಾಲೆ 3000 ಡಿಗ್ರಿಗೂ ಮೀರಿದ ಬಿಸಿ. ಆ ಬಿಸಿ ತಗಡಿಗೆ ತಾಗಿದೊಡನೆ ಸಂದಿಯಲ್ಲಿದ್ದ ಡೀಸೆಲ್ ಆವಿಯಾಗಿ ಏಳುತ್ತದೆ, ಅದೇ ಬೆಂಕಿ ಅದನ್ನು ಹೊತ್ತಿಸುತ್ತದೆ. ಮುಚ್ಚಿದ ಡಬ್ಬದೊಳಗೆ ಹೊತ್ತಿದ ಬೆಂಕಿಗೆ ಹೋಗಲು ದಾರಿಯಿಲ್ಲದೆ ಡಬ್ಬವನ್ನೇ ಸೀಳುತ್ತದೆ.

“ಡೀಸೆಲ್ ಪೆಟ್ರೋಲಿನ ಹಾಗಲ್ಲ, ಸುಲಭವಾಗಿ ಹತ್ತುವುದಿಲ್ಲ” ಎಂಬ ಮಾತುಂಟು. ಆ ಮಾತನ್ನು ನಂಬಿ ಮೈಮರೆಯಬಾರದು. ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಏಳುವ ಉಷ್ಣತೆಗೆ ಒಂದು ಮಿತಿ ಇದೆ. ನಮ್ಮ ದೇಶದ ಡೀಸೆಲ್ಲಿಗೆ ಭಾರತೀಯ ಮಾನಕ 1460 ವಿಧಿಸಿರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ಕಾದ ತಗಡಿನ ಟ್ಯಾಂಕಿನ ಬಿಸಿ ಎಷ್ಟಿರುವುದೆಂದು ನೀವೇ ಊಹಿಸಿರಿ. ಮಾವ ಟ್ಯಾಂಕನ್ನು ಬಿಸಿಲಿಗೆ ಇಟ್ಟಿದ್ದು ಒಣಗಲೆಂದು. ಆದದ್ದು ಒಳಗೆಲ್ಲ ಆವಿ ತುಂಬಿದ್ದು.

ಆದುದರಿಂದ ಡೀಸೆಲ್ ಟ್ಯಾಂಕಿಗಾಗಲಿ, ಡೀಸೆಲ್ ಡ್ರಮ್ಮಿಗಾಗಲಿ ಬೆಸುಗೆ, ಕತ್ತರಿಸುವ ಯಂತ್ರ, ಗ್ರೈಂಡರು ತಾಗಿಸಬೇಡಿ. ಸೋಪಿನ ನೀರಿನಲ್ಲಿ ತೊಳೆದ ಮಾತ್ರಕ್ಕೆ ಟ್ಯಾಂಕು ನಿರಪಾಯವಾಗುವುದಿಲ್ಲ. ಆವಿಯಿಂದ ಶುದ್ಧಿ ಮಾಡಿ, ಒಳಗೆ ಉರಿಯುವ ಆವಿ ಉಳಿದಿಲ್ಲವೆಂದು ಪರೀಕ್ಷಿಸಿ ಬೆಸುಗೆ ಹಾಕುವುದು ತರಬೇತಾದವರ ಕೆಲಸ. ತುಕ್ಕಿನಿಂದ ತೂತಾದ ಟ್ಯಾಂಕಿಗೆ ಅಷ್ಟು ಶ್ರಮವೂ ದಂಡ. ಒಂದು ತೂತು ಕಂಡ ಕಡೆ ತಗಡು ಸುತ್ತಲೂ ತೆಳುವಾಗಿರುತ್ತದೆ. ಇಂದು ಇಲ್ಲಿ ಮುಚ್ಚಿದರೆ ನಾಳೆ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಬದಲಾಯಿಸುವುದೇ ಸರಿಯಾದ ದಾರಿ.

ಸೋರುತ್ತಿರುವುದು ಟ್ಯಾಂಕೇ ಏನು?

ಹೊಸ ಟ್ಯಾಂಕು ಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಟ್ಯಾಂಕಿನ ಹೊರಮೈ, ನಲ್ಲಿ, ಪೈಪುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿ. ಹಳೆಯ ಕಾಗದವನ್ನು ಕೆಳಗೆ ಹರಡಿ ರಾತ್ರಿ ಬಿಡಿ. ಬೆಳಗ್ಗೆ ಒದ್ದೆ ಎಲ್ಲಿಂದ ಆರಂಭವಾಗಿದೆ ಎಂದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಎಷ್ಟೋ ವೇಳೆ ಸೋರುವುದು ನಲ್ಲಿಯ ವಾಷರು, ಸೀಳಿದ ರಬ್ಬರ್ ಪೈಪು, ಇಲ್ಲವೆ ನಾಝಲ್‌ಗಳಿಂದ ಟ್ಯಾಂಕಿಗೆ ಮರಳಿ ಬರುವ ಸಣ್ಣ ಪೈಪಿನ ಜೋಡಣೆ. ಇವು ಅಲ್ಪ ಹಣದಲ್ಲಿ ಮುಗಿಯುವ ಕೆಲಸ.

ಸಣ್ಣ ಸೋರಿಕೆ ಎಂದು ಅಲಕ್ಷ್ಯ ಮಾಡಬೇಡಿ. ಸೆಕೆಂಡಿಗೆ ಒಂದು ತೊಟ್ಟಿನಂತೆ ಬಿದ್ದರೆ ದಿನಕ್ಕೆ 86,400 ತೊಟ್ಟು. ನಲವತ್ತು ತೊಟ್ಟಿಗೆ ಒಂದು ಮಿಲಿಲೀಟರು ಎಂದು ಹಿಡಿದರೂ ದಿನಕ್ಕೆ ಎರಡು ಲೀಟರಿಗೂ ಮೇಲೆ ಹೋಯಿತು. ಅನುಮಾನವಿದ್ದರೆ ಕೆಳಗೆ ಒಂದು ಶೀಶೆ ಕಟ್ಟಿ, ಒಂದು ಗಂಟೆಯಲ್ಲಿ ಎಷ್ಟು ತುಂಬಿತೆಂದು ಅಳೆದು, ಇಪ್ಪತ್ನಾಲ್ಕರಿಂದ ಗುಣಿಸಿ ನೋಡಿ.

ಕೆಲಸ ನಡುವೆ ನಿಂತಿದೆ, ಹೊಸ ಟ್ಯಾಂಕು ತರಲು ಎರಡು ದಿನ ಬೇಕು ಎನ್ನುವಾಗ ಒಂದು ಉಪಾಯವುಂಟು. ಬಟ್ಟೆ ಒಗೆಯುವ ಬಾರ್ ಸೋಪನ್ನು ತೂತಿಗೆ ಗಟ್ಟಿಯಾಗಿ ತಿಕ್ಕಿ ತುಂಬಿ. ಸೋಪು ನೀರಿನಲ್ಲಿ ಕರಗುತ್ತದೆ, ಡೀಸೆಲ್ಲಿನಲ್ಲಿ ಕರಗುವುದಿಲ್ಲ. ಒಂದೆರಡು ದಿನ ತಡೆಯುತ್ತದೆ, ಹೆಚ್ಚು ನೆಚ್ಚಬೇಡಿ. ಮಳೆ ಬಂದರೆ ಸೋಪೂ ಹೋಗುತ್ತದೆ.

ಟ್ಯಾಂಕಿನ ಶತ್ರು ನೀರು

ಡೀಸೆಲ್ ಕಬ್ಬಿಣವನ್ನು ತಿನ್ನುವುದಿಲ್ಲ. ತಿನ್ನುವುದು ಅದರ ಕೆಳಗೆ ಸೇರಿಕೊಂಡ ನೀರು. ಅರ್ಧ ಖಾಲಿ ಟ್ಯಾಂಕನ್ನು ರಾತ್ರಿ ಹಾಗೆಯೇ ನಿಲ್ಲಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಅದರಲ್ಲಿದ್ದ ತೇವ ಹನಿಗಟ್ಟುತ್ತದೆ. ಬೆಳಗಿನ ಹೊತ್ತು ತಗಡಿನ ಮಾಡಿನ ಒಳಗಡೆ ಹನಿ ಕೂಡುವ ಹಾಗೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ನೀರು ಒಂದು ಕಿಲೊ. ಆದುದರಿಂದ ನೀರು ತಳಕ್ಕೆ ಇಳಿದು ಅಲ್ಲಿಯೇ ಕೂರುತ್ತದೆ. ಹನಿ ಹನಿಯಾಗಿ ವರ್ಷಗಟ್ಟಲೆ ಕೂತ ನೀರು ತಳವನ್ನು ತುಕ್ಕು ಹಿಡಿಸುತ್ತದೆ. ಟ್ಯಾಂಕು ಹೆಚ್ಚಾಗಿ ತಳದಲ್ಲಿಯೇ ತೂತಾಗುವುದಕ್ಕೆ ಇದೇ ಕಾರಣ.

ಹೊಸ ಟ್ಯಾಂಕು ಆರಿಸುವಾಗ

ನಿಮ್ಮ ಟ್ರ್ಯಾಕ್ಟರಿನ ಮಾಡೆಲ್ ಸಂಖ್ಯೆ ಬರೆದುಕೊಂಡು, ಆದರೆ ಹಳೆಯ ಟ್ಯಾಂಕನ್ನೇ ಹೊತ್ತುಕೊಂಡು ಅಂಗಡಿಗೆ ಹೋಗಿ. ಉದ್ದ, ಅಗಲ, ಆಳ, ನಲ್ಲಿಯ ತೂತು, ಮರಳಿ ಬರುವ ಪೈಪಿನ ತೂತು, ಫ್ಲೋಟ್ ಕೂರುವ ಬಾಯಿ, ಪಟ್ಟಿ ಕಟ್ಟುವ ಜಾಗ ಇವಿಷ್ಟೂ ಹೊಂದಬೇಕು. ಆಳ ಮುಖ್ಯವೆಂಬುದನ್ನು ನೆನಪಿನಲ್ಲಿಡಿ. ಕಾರಣ ಮುಂದೆ ತಿಳಿಯುತ್ತದೆ.

ಕೆಲವು ಟ್ರ್ಯಾಕ್ಟರುಗಳನ್ನು ಮಾಡಿದ ಕಾರ್ಖಾನೆಗಳೇ ಈಗಿಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡುತ್ತಿತ್ತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. ಇಂಥ ಗಾಡಿಗಳನ್ನು ಇಟ್ಟುಕೊಂಡವರು ಬೇರೆ ತಯಾರಕರು ಮಾಡಿದ ಟ್ಯಾಂಕನ್ನೋ, ಗುಜರಿಯಲ್ಲಿ ಸಿಕ್ಕಿದ ಹಳೆಯ ಟ್ಯಾಂಕನ್ನೋ ಹುಡುಕಬೇಕಾಗುತ್ತದೆ. ಗುಜರಿಯದಾದರೆ ಒಳಗೆ ಬ್ಯಾಟರಿ ಬಿಟ್ಟು ನೋಡಿ. ತಳ ಕೆಂಪಾಗಿ ಹೊಟ್ಟೆದ್ದಿದ್ದರೆ ಬೇಡ. ಬೆಂಕಿಕಡ್ಡಿಯ ಬೆಳಕಿನಲ್ಲಿ ನೋಡುವ ಸಾಹಸ ಖಂಡಿತ ಬೇಡ.

ಊರಿನ ತಗಡು ಕೆಲಸದವರ ಬಳಿ ಮಾಡಿಸುವುದಾದರೆ ಒಂದು ಎಚ್ಚರಿಕೆ. ನೀರಿನ ಟ್ಯಾಂಕಿಗೆ ಬಳಸುವ ಸತುವಿನ ಲೇಪದ ತಗಡಿನಿಂದ, ಎಂದರೆ ಜಿ.ಐ. ಶೀಟಿನಿಂದ, ಡೀಸೆಲ್ ಟ್ಯಾಂಕು ಮಾಡಿಸಬಾರದು. ಸತುವು ಡೀಸೆಲ್ಲಿನೊಡನೆ ಸೇರಿ ಸೋಪಿನಂಥ ಅಂಟನ್ನು ಉಂಟುಮಾಡುತ್ತದೆ. ಆ ಅಂಟು ಫಿಲ್ಟರನ್ನು ಕಟ್ಟುತ್ತದೆ, ಪಂಪಿಗೂ ನಾಝಲ್‌ಗೂ ಹಾನಿ ಮಾಡುತ್ತದೆ. “ಸತು ಬಳಿದ ತಗಡು ತುಕ್ಕು ಹಿಡಿಯುವುದಿಲ್ಲ, ಒಳ್ಳೆಯದು” ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಟ್ಯಾಂಕು ಬದಲಾಯಿಸುವ ಕ್ರಮ

ಅನೇಕ ಹಳೆಯ ಟ್ರ್ಯಾಕ್ಟರುಗಳಲ್ಲಿ ಟ್ಯಾಂಕು ಬಾನೆಟ್ಟಿನ ಅಡಿ, ಎಂಜಿನ್ನಿನ ಮೇಲೆಯೇ ಇರುತ್ತದೆ. ಎಂಜಿನ್ನು ಪೂರ್ತಿ ಆರಿದ ಮೇಲೆಯೇ ಕೆಲಸಕ್ಕೆ ಕೈ ಹಾಕಿ. ಬಯಲಿನಲ್ಲಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಒಲೆ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಬಾವಿ, ದನದ ತೊಟ್ಟಿ, ಮೇವಿನ ಬಣವೆಗಳಿಂದ ದೂರವಿರಲಿ. ಒಂದು ಬಕೆಟ್ಟು ಮರಳು ಪಕ್ಕದಲ್ಲಿರಲಿ. ಡೀಸೆಲ್ಲಿಗೆ ಬೆಂಕಿ ಬಿದ್ದರೆ ನೀರು ಹೊಯ್ಯಬಾರದು. ಡೀಸೆಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.

1. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿ. ಜೋಡಿಸುವಾಗ ಅದನ್ನು ಕಡೆಯಲ್ಲಿ ಜೋಡಿಸಿ.

2. ನಲ್ಲಿಯ ಕೆಳಗಿನ ಪೈಪು ಬಿಚ್ಚಿ, ನಲ್ಲಿ ತೆರೆದು ಡೀಸೆಲ್ಲನ್ನು ಶುದ್ಧವಾದ ಕ್ಯಾನಿಗೆ ಇಳಿಸಿ. ಬಾಯಿಂದ ಪೈಪು ಎಳೆಯುವ ಅಭ್ಯಾಸ ಬಿಟ್ಟುಬಿಡಿ. ಡೀಸೆಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

3. ಪೈಪುಗಳನ್ನೂ ಮೀಟರಿನ ತಂತಿಯನ್ನೂ ಬಿಚ್ಚುವ ಮೊದಲು ಯಾವುದು ಎಲ್ಲಿತ್ತೆಂದು ಗುರುತು ಮಾಡಿ. ಬೇರೆ ಬೇರೆ ಬಣ್ಣದ ದಾರ ಕಟ್ಟಿದರೆ ಸಾಕು. ಬಿಚ್ಚಿದ ಪೈಪಿನ ಬಾಯಿಗೆ ಶುದ್ಧ ಬಟ್ಟೆ ಸುತ್ತಿ. ಒಂದು ಕಣ ಮಣ್ಣು ಹೋದರೂ ಪಂಪಿಗೆ ಕೇಡು.

4. ಪಟ್ಟಿಯ ನಟ್ಟುಗಳನ್ನು ಬಿಚ್ಚಿ ಟ್ಯಾಂಕನ್ನು ಇಬ್ಬರು ಹಿಡಿದು ಎತ್ತಿ. ಬರಿಯ ಟ್ಯಾಂಕು ಹಗುರ. ಆದರೆ ತಳದಲ್ಲಿ ಉಳಿದ ಡೀಸೆಲ್ ಒಂದು ಕಡೆಗೆ ಓಡಿದರೆ ಕೈ ತಪ್ಪುತ್ತದೆ.

5. ಟ್ಯಾಂಕಿನ ಅಡಿಯಲ್ಲಿದ್ದ ರಬ್ಬರ್ ಪಟ್ಟಿಗಳನ್ನು ನೋಡಿ. ಸವೆದಿದ್ದರೆ ಹೊಸತು ಹಾಕಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಹೊಸ ಟ್ಯಾಂಕೂ ಬೇಗ ತೂತಾಗುತ್ತದೆ.

6. ಹೊಸ ಟ್ಯಾಂಕಿನೊಳಗೆ ಧೂಳು, ತಗಡಿನ ಚೂರು ಇರುವುದುಂಟು. ಒಂದೆರಡು ಲೀಟರ್ ಶುದ್ಧ ಡೀಸೆಲ್ ಹಾಕಿ ಕುಲುಕಿ ಚೆಲ್ಲದಂತೆ ಬಗ್ಗಿಸಿ ತೆಗೆಯಿರಿ. ಆಮೇಲೆ ಕೂರಿಸಿ, ಹೊಸ ವಾಷರು ಹಾಕಿ ನಲ್ಲಿ ಮತ್ತು ಪೈಪುಗಳನ್ನು ಬಿಗಿಯಿರಿ. ಹಳೆಯ ಟ್ಯಾಂಕಿನ ತುಕ್ಕು ಫಿಲ್ಟರಿನಲ್ಲಿ ತುಂಬಿರುವುದರಿಂದ ಫಿಲ್ಟರುಗಳನ್ನೂ ಇದೇ ಸಮಯದಲ್ಲಿ ಬದಲಾಯಿಸುವುದು ಜಾಣತನ.

7. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದು ಕಟ್ಟಿದ್ದರೆ ಡೀಸೆಲ್ ಕೆಳಗಿಳಿಯುವುದು ನಿಂತು, ಅರ್ಧ ಗಂಟೆ ಓಡಿದ ಎಂಜಿನ್ನು ಸೊರಗಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ಹೋದರೆ ತೊಂದರೆ ಅದೇ ಎಂದು ತಿಳಿಯಿರಿ.

ಹಳೆಯ ಟ್ಯಾಂಕಿನ ತಳದಿಂದ ಬಂದ ಕೆಸರು ಡೀಸೆಲ್ಲನ್ನು ಹೊಲಕ್ಕಾಗಲಿ ಚರಂಡಿಗಾಗಲಿ ಸುರಿಯಬೇಡಿ. ಡಬ್ಬದಲ್ಲಿ ಮುಚ್ಚಿಟ್ಟು, ಹಳೆಯ ಎಂಜಿನ್ ಆಯಿಲ್ ಕೊಳ್ಳುವವರಿಗೆ ಕೊಡಿ. ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವಾಗ “ಇದು ಡೀಸೆಲ್ ಟ್ಯಾಂಕು, ಗ್ಯಾಸಿನಿಂದ ಕತ್ತರಿಸಬೇಡಿ” ಎಂದು ಹೇಳಿ ಕೊಡಿ. ನಮ್ಮ ಮನೆಯಲ್ಲಿ ತಪ್ಪಿದ ಅಪಾಯ ಇನ್ನೊಬ್ಬರ ಮನೆಗೆ ಹೋಗಬಾರದು.

ಗಾಳಿ ತೆಗೆಯುವುದು

ಟ್ಯಾಂಕು ತುಂಬಿಸಿ ನಲ್ಲಿ ತೆರೆಯಿರಿ. ಮೊದಲ ಫಿಲ್ಟರಿನ ತಲೆಯ ಮೇಲಿನ ಗಾಳಿ ಬಿಡುವ ತಿರುಪನ್ನು ಸ್ವಲ್ಪ ಸಡಿಲಿಸಿ, ಫೀಡ್ ಪಂಪಿನ ಕೈಪಿಡಿಯನ್ನು ಒತ್ತುತ್ತ ಹೋಗಿ. ಮೊದಲು ಗುಳ್ಳೆ ಬೆರೆತ ಡೀಸೆಲ್ ಬರುತ್ತದೆ. ಗುಳ್ಳೆಯಿಲ್ಲದೆ ಬರತೊಡಗಿದಾಗ ತಿರುಪು ಬಿಗಿಯಿರಿ. ಎರಡನೆಯ ಫಿಲ್ಟರಿಗೂ, ಕಡೆಗೆ ದೊಡ್ಡ ಪಂಪಿಗೂ ಹೀಗೆಯೇ ಮಾಡಿ. ಅಷ್ಟಾದರೂ ಎಂಜಿನ್ನು ಹಿಡಿಯದಿದ್ದರೆ ನಾಝಲ್ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯಬೇಕಾಗುತ್ತದೆ. ಅದನ್ನು ಬಲ್ಲವರಿಗೇ ಬಿಡಿ. ನಾಝಲ್ಲಿನಿಂದ ಚಿಮ್ಮುವ ಡೀಸೆಲ್ಲಿನ ಒತ್ತಡ ಎಷ್ಟೆಂದರೆ ಅದು ಸೂಜಿಯಂತೆ ಚರ್ಮದೊಳಕ್ಕೆ ಹೊಕ್ಕುಬಿಡುತ್ತದೆ. ಹಾಗಾದಾಗ ಗಾಯ ಚಿಕ್ಕದಾಗಿ ಕಂಡರೂ ತಡ ಮಾಡದೆ ವೈದ್ಯರ ಬಳಿ ಹೋಗತಕ್ಕದ್ದು.

ಇನ್ನು ಮುಳ್ಳಿನ ಮಾತು

ಮಾವ ಹೊಸ ಟ್ಯಾಂಕು ಹಾಕಿಸಿದರು. ಡೀಸೆಲ್ ತುಂಬಿದರು. ಅದುವರೆಗೆ ಸರಿಯಾಗಿದ್ದ ಮುಳ್ಳು ಏಳಲೇ ಇಲ್ಲ! ಮೆಕ್ಯಾನಿಕ್ಕು ಬಂದು “ಮೀಟರು ಹೋಗಿದೆ” ಎಂದ. ಹೊಸ ಮೀಟರು ಬಂತು. ಮುಳ್ಳು ಏಳಲಿಲ್ಲ. “ಹಾಗಾದರೆ ಫ್ಲೋಟು ಹೋಗಿದೆ” ಎಂದ; ಹೊಸ ಫ್ಲೋಟೂ ಬಂತು. ಆಗಲೂ ಏಳಲಿಲ್ಲ. ಎರಡು ಸಾಮಾನಿಗೆ ದುಡ್ಡು ಹೋಯಿತು, ಕಾಯಿಲೆ ಹಾಗೆಯೇ ಉಳಿಯಿತು. ಕಡೆಗೆ ಅದನ್ನು ವಾಸಿ ಮಾಡಿದ್ದು ಒಂದು ಗೇಣು ತಂತಿ ಮತ್ತು ಒಂದು ತುಂಡು ಉಪ್ಪುಕಾಗದ. ಅದು ಹೇಗೆಂದು ತಿಳಿಯಲು ಮೀಟರು ಕೆಲಸ ಮಾಡುವ ರೀತಿಯನ್ನು ಅರಿಯಬೇಕು.

ಟ್ಯಾಂಕಿನೊಳಗೆ ಒಂದು ತೋಳಿನ ತುದಿಯಲ್ಲಿ ತೇಲುವ ಬುರುಡೆಯೊಂದು ಇರುತ್ತದೆ. ಇದನ್ನೇ ಅಂಗಡಿಯಲ್ಲಿ ಫ್ಲೋಟು ಎನ್ನುವುದು. ಡೀಸೆಲ್ ಏರಿದರೆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ. ತೋಳಿನ ಬುಡದಲ್ಲಿ ಸಣ್ಣ ತಂತಿಯ ಸುರುಳಿಯ ಮೇಲೆ ಒಂದು ನಾಲಗೆ ಜಾರುತ್ತದೆ. ಅದು ಜಾರಿದಂತೆ ವಿದ್ಯುತ್ತಿನ ದಾರಿಗೆ ತಡೆ ಹೆಚ್ಚು ಕಡಿಮೆಯಾಗುತ್ತದೆ. ಮುಂದಿನ ಮೀಟರು ಅದನ್ನು ಮುಳ್ಳಿನಲ್ಲಿ ತೋರಿಸುತ್ತದೆ. ಬ್ಯಾಟರಿಯಿಂದ ಮೀಟರಿಗೆ, ಮೀಟರಿನಿಂದ ಒಂದೇ ತಂತಿಯಲ್ಲಿ ಫ್ಲೋಟಿಗೆ ವಿದ್ಯುತ್ತು ಬರುತ್ತದೆ. ಮರಳಿ ಹೋಗಲು ಅನೇಕ ಹಳೆಯ ಗಾಡಿಗಳಲ್ಲಿ ಬೇರೆ ತಂತಿಯಿಲ್ಲ. ಟ್ಯಾಂಕಿನ ತಗಡು, ಅದನ್ನು ಹಿಡಿದ ಬೋಲ್ಟು, ಚಾಸಿ ಇವೇ ದಾರಿ. ಇದನ್ನೇ ಅರ್ಥಿಂಗು ಎನ್ನುವುದು.

ಈಗ ಕಾರಣ ಹೊಳೆಯಿತಲ್ಲವೆ? ಹೊಸ ಟ್ಯಾಂಕಿಗೆ ಎಲ್ಲ ಕಡೆ ದಪ್ಪ ಬಣ್ಣ ಬಳಿದಿತ್ತು, ಅಡಿಯಲ್ಲಿ ಹೊಸ ರಬ್ಬರು ಹಾಕಿತ್ತು. ವಿದ್ಯುತ್ತು ಚಾಸಿಗೆ ಮರಳುವ ದಾರಿಯೇ ಮುಚ್ಚಿಹೋಗಿತ್ತು. ಫ್ಲೋಟಿನ ಒಂದು ತಿರುಪಿನ ಕೆಳಗಿನ ಬಣ್ಣವನ್ನು ಉಪ್ಪುಕಾಗದದಿಂದ ಕೆರೆದು, ಅಲ್ಲಿಂದ ಚಾಸಿಯ ಶುದ್ಧ ಬೋಲ್ಟಿಗೆ ಒಂದು ತಂತಿ ಎಳೆದೆವು. ಮುಳ್ಳು ಮೇಲೆದ್ದಿತು. ಬಿಚ್ಚಿಟ್ಟ ಹಳೆಯ ಮೀಟರು, ಹಳೆಯ ಫ್ಲೋಟು ಎರಡೂ ಚೆನ್ನಾಗಿಯೇ ಇದ್ದವು.

ಕೊಳ್ಳುವ ಮೊದಲು ಪರೀಕ್ಷಿಸಿ

ಸಾಮಾನು ತರುವುದಕ್ಕೆ ಮುಂಚೆ ಈ ಕ್ರಮದಲ್ಲಿ ನೋಡಿ. ಚೆಲ್ಲಿದ ಡೀಸೆಲ್ಲನ್ನು ಒರೆಸಿ, ಟ್ಯಾಂಕಿನ ಮುಚ್ಚಳ ಹಾಕಿ, ಫ್ಲೋಟು ತನ್ನ ಜಾಗದಲ್ಲಿ ಬಿಗಿದಿರುವಾಗಲೇ ಮಾಡಿ. ಪೆಟ್ರೋಲ್ ಗಾಡಿಗಳಲ್ಲಿ ಟ್ಯಾಂಕಿನ ಬಳಿ ಈ ಪರೀಕ್ಷೆ ಸಲ್ಲದು. ಸಣ್ಣ ಕಿಡಿಯೂ ಸಾಕು.

ಮೊದಲನೆಯದು, ಖರ್ಚಿಲ್ಲದ್ದು, ಅರ್ಥಿಂಗಿನ ಪರೀಕ್ಷೆ. ಕೀಲಿ ಆರಿಸಿ, ಫ್ಲೋಟಿನ ತಿರುಪಿನಿಂದ ಚಾಸಿಗೆ ಒಂದು ತಂತಿ ಬಿಗಿಯಾಗಿ ಕಟ್ಟಿ. ಆಮೇಲೆ ಕೀಲಿ ಹಾಕಿ. ಮುಳ್ಳು ಸರಿಯಾದರೆ ಕೆಲಸ ಮುಗಿಯಿತು; ಆ ತಂತಿಯನ್ನು ಶಾಶ್ವತವಾಗಿ ಬಿಗಿಯಿರಿ.

ಎರಡನೆಯದು ಮೀಟರಿನ ಪರೀಕ್ಷೆ. ಫ್ಲೋಟಿಗೆ ಬರುವ ತಂತಿಯನ್ನು ಬಿಚ್ಚಿ ಟ್ಯಾಂಕಿನಿಂದ ದೂರಕ್ಕೆ ತನ್ನಿ. ಕೀಲಿ ಹಾಕಿದಾಗ ಮುಳ್ಳು ಒಂದು ಕೊನೆಗೆ ಹೋಗಿ ನಿಲ್ಲುತ್ತದೆ. ತಂತಿಯ ತುದಿಯನ್ನು ಚಾಸಿಗೆ ಒಂದು ಕ್ಷಣ ಮುಟ್ಟಿಸಿದರೆ ಇನ್ನೊಂದು ಕೊನೆಯ ಕಡೆಗೆ ಓಡಬೇಕು. ಬಿಚ್ಚಿದಾಗ ಖಾಲಿ ತೋರಿಸುವ ಮೀಟರುಗಳುಂಟು, ತುಂಬಿದೆ ಎಂದು ತೋರಿಸುವವೂ ಉಂಟು. ಎರಡು ಕೊನೆಗೂ ಓಡುವುದೇ ಮುಖ್ಯ. ನಿಧಾನವಾಗಿ ಏಳುವ ಮುಳ್ಳಾದರೆ ಕದಲಿದ್ದು ಕಂಡರೆ ಸಾಕು; ಹೆಚ್ಚು ಹೊತ್ತು ಮುಟ್ಟಿಸಿ ಹಿಡಿದರೆ ಮೀಟರು ಸುಡಬಹುದು. ಮುಳ್ಳು ಓಡಿದರೆ ಮೀಟರೂ ತಂತಿಯೂ ಚೆನ್ನಾಗಿವೆ, ದೋಷ ಫ್ಲೋಟಿನಲ್ಲಿದೆ. ಓಡದಿದ್ದರೆ ಮೀಟರಿನ ಹಿಂಬದಿಯಲ್ಲಿಯೇ ಇದೇ ಪರೀಕ್ಷೆ ಮಾಡಿ. ಅಲ್ಲಿ ಓಡಿದರೆ ನಡುವಿನ ತಂತಿ ತುಂಡಾಗಿದೆ. ಅದನ್ನು ಇಲಿ ಕಡಿದಿರುವುದೂ ಉಂಟು. ಅಲ್ಲಿಯೂ ಓಡದಿದ್ದರೆ ಫ್ಯೂಸು ನೋಡಿ, ಮೀಟರಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ಬಲ್ಬಿನಿಂದ ನೋಡಿ. ಬರುತ್ತಿದ್ದೂ ಮುಳ್ಳು ಸತ್ತಂತಿದ್ದರೆ ಆಗ ಮಾತ್ರ ಹೊಸ ಮೀಟರು. ಡೀಸೆಲ್ ಮೀಟರೂ ಟೆಂಪರೇಚರ್ ಮೀಟರೂ ಒಟ್ಟಿಗೇ ಕೆಟ್ಟರೆ ಎರಡಕ್ಕೂ ವಿದ್ಯುತ್ತು ಕೊಡುವ ದಾರಿಯನ್ನೇ ಮೊದಲು ಅನುಮಾನಿಸಿ.

ಮೂರನೆಯದು ಫ್ಲೋಟಿನ ಪರೀಕ್ಷೆ. ಕೀಲಿ ಆರಿಸಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಫ್ಲೋಟನ್ನು ಹೊರಗೆ ತೆಗೆಯಿರಿ. ಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಡೀಸೆಲ್ ಕುಲುಕಿದರೆ ಅದು ತೂತಾಗಿ ಮುಳುಗಿದೆ. ಟ್ಯಾಂಕು ತುಂಬಿದ್ದರೂ ಖಾಲಿ ಎನ್ನುವುದು ಇಂಥ ಫ್ಲೋಟೇ. ತೋಳು ತುಕ್ಕಿನಿಂದ ಹಿಡಿದುಕೊಂಡಿದ್ದರೆ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಖಾಲಿ ಟ್ಯಾಂಕಿಗೆ ಅರ್ಧ ತೋರಿಸಿ ಹೊಲದ ನಡುವೆ ಕೈಕೊಡುವುದು ಹೀಗೆಯೇ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರು ಇದ್ದರೆ ಓಮ್ಸ್‌ಗೆ ತಿರುಗಿಸಿ ಎರಡು ತುದಿಗೆ ಹಿಡಿದು ತೋಳನ್ನು ನಿಧಾನವಾಗಿ ಎತ್ತಿ. ಅಂಕಿ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಎಗರಿದರೆ ಒಳಗಿನ ಸುರುಳಿ ಸವೆದಿದೆ ಎಂದರ್ಥ.

ಹೊಸ ಫ್ಲೋಟು ಕೊಳ್ಳುವಾಗ ಎರಡು ಸಂಗತಿ ನೋಡಿ. ತೋಳಿನ ಉದ್ದ ಟ್ಯಾಂಕಿನ ಆಳಕ್ಕೆ ಹೊಂದಬೇಕು. ಟ್ಯಾಂಕಿನ ಆಳ ಮುಖ್ಯವೆಂದು ಹೇಳಿದ್ದು ಇದಕ್ಕಾಗಿಯೇ. ತೋಳು ಗಿಡ್ಡವಾದರೆ ಕೊನೆಯ ಐದಾರು ಲೀಟರನ್ನು ಮುಳ್ಳು ತೋರಿಸುವುದಿಲ್ಲ; ಉದ್ದವಾದರೆ ಬುರುಡೆ ತಳಕ್ಕೆ ತಾಗಿ ಖಾಲಿ ಟ್ಯಾಂಕಿನಲ್ಲಿಯೂ ಡೀಸೆಲ್ ಇದೆ ಎನ್ನುತ್ತದೆ. ಎರಡನೆಯದಾಗಿ, ಫ್ಲೋಟಿನ ಓಮ್ಸ್ ನಿಮ್ಮ ಮೀಟರಿಗೆ ಹೊಂದಬೇಕು. ಇಲ್ಲದಿದ್ದರೆ ಮುಳ್ಳು ಏಳುತ್ತದೆ, ಆದರೆ ಸುಳ್ಳು ಹೇಳುತ್ತದೆ.

ಅಳತೆ ಕೋಲು ಮಾಡಿಕೊಳ್ಳಿ

ಮೀಟರು ಎಷ್ಟೇ ಚೆನ್ನಾಗಿರಲಿ, ಮನೆಯಲ್ಲಿ ಒಂದು ಅಳತೆ ಕೋಲು ಇರಲಿ. ಹೊಸ ಟ್ಯಾಂಕು ಕೂರಿಸಿದ ದಿನವೇ ಇದಕ್ಕೆ ತಕ್ಕ ದಿನ. ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ. ನಯವಾಗಿ ಕೆತ್ತಿದ ಬಿದಿರಿನ ಪಟ್ಟಿ ತೆಗೆದುಕೊಳ್ಳಿ. ಐದು ಲೀಟರ್ ಹೊಯ್ದು, ಕೋಲನ್ನು ನೇರವಾಗಿ ತಳಮುಟ್ಟ ಇಳಿಸಿ, ಒದ್ದೆಯಾದ ಗೆರೆಗೆ ಚಾಕುವಿನಿಂದ ಗುರುತು ಕೊಯ್ಯಿರಿ. ಹೀಗೆ ಐದೈದು ಲೀಟರಿಗೆ ಒಂದೊಂದು ಗುರುತು. ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿದೆ ಎಂದೂ ಒಂದು ಚೀಟಿಯಲ್ಲಿ ಬರೆದಿಡಿ. ನಿಮ್ಮ ಮುಳ್ಳಿನ ‘ಅರ್ಧ’ ಎಂದರೆ ನಿಜವಾಗಿ ಎಷ್ಟು ಲೀಟರು ಎಂಬುದು ಅಂದೇ ತಿಳಿಯುತ್ತದೆ. ಮಾವನ ಟ್ರ್ಯಾಕ್ಟರಿನ ಅಳತೆ ಕೋಲು ಈಗ ಟೂಲ್ ಬಾಕ್ಸಿನಲ್ಲಿಯೇ ಇರುತ್ತದೆ. ಇಳಿಸುವ ಮೊದಲು ಅದನ್ನು ಒರೆಸಲು ಮರೆಯಬೇಡಿ.

ಹೊಸ ಟ್ಯಾಂಕು ಬಾಳಬೇಕಾದರೆ

ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡಿ; ತೇವದ ಗಾಳಿಗೆ ಜಾಗವಿರುವುದಿಲ್ಲ. ಆಲಿಕೆಗೆ ಶುದ್ಧವಾದ ಜಾಲರಿ ಹಾಕಿ ಹೊಯ್ಯಿರಿ. ಡ್ರಮ್ಮಿನ ಡೀಸೆಲ್ಲಾದರೆ ಒಂದು ದಿನ ಅಲ್ಲಾಡದೆ ನಿಲ್ಲಿಸಿ, ತಳದ ನಾಲ್ಕು ಬೆರಳಷ್ಟನ್ನು ಟ್ಯಾಂಕಿಗೆ ಹಾಕಬೇಡಿ. ಪೈಪಿನ ದಾರಿಯಲ್ಲಿ ಗಾಜಿನ ಬಟ್ಟಲಿದ್ದರೆ ವಾರಕ್ಕೊಮ್ಮೆ ನೋಡಿ, ನೀರು ಕಂಡರೆ ಚೆಲ್ಲಿ. ಮಳೆಗಾಲದಲ್ಲಿ ಮುಚ್ಚಳದ ರಬ್ಬರು ಸರಿಯಾಗಿದೆಯೇ ಎಂದು ನೋಡಿಕೊಳ್ಳಿ.

ರೈತ ಬಾಂಧವರೇ, ಈ ಕೆಲಸಗಳಲ್ಲಿ ಹೆಚ್ಚಿನವು ಬಿತ್ತನೆಗೆ ಮುಂಚಿನ ಬಿಡುವಿನ ದಿನಗಳಲ್ಲಿ ಮನೆಯ ಅಂಗಳದಲ್ಲಿಯೇ ಆಗತಕ್ಕವು. ಎಲ್ಲವನ್ನೂ ನೀವೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಮೆಕ್ಯಾನಿಕ್ಕು ಮಾಡುವಾಗ ಪಕ್ಕದಲ್ಲಿ ನಿಂತು ಏನಾಗಿದೆ ಎಂದು ಕೇಳುವಷ್ಟು ತಿಳಿದಿದ್ದರೂ ಸಾಕು. ಮುಳ್ಳಿನ ವಿಷಯದಲ್ಲಿ ತಪ್ಪಿದರೆ ಹೋಗುವುದು ಒಂದಿಷ್ಟು ಹಣ, ಒಂದು ದಿನದ ಹದ. ಬೆಂಕಿಯ ವಿಷಯದಲ್ಲಿ ತಪ್ಪಿದರೆ ಮರಳಿ ಬರುವುದಿಲ್ಲ. ಆ ವೆಲ್ಡಿಂಗ್ ಹುಡುಗನ ಮುಂಗೈ ಮೇಲೆ ಈಗಲೂ ಕಲೆ ಇದೆ. ಅವನ ಅಂಗಡಿಗೆ ಯಾರಾದರೂ ಡೀಸೆಲ್ ಟ್ಯಾಂಕು ಹೊತ್ತು ಬಂದರೆ ಅವನು ಮಾತಾಡುವುದಿಲ್ಲ, ತೋಳಂಗಿ ಮೇಲೇರಿಸಿ ಕೈ ತೋರಿಸಿ ಕಳಿಸುತ್ತಾನೆ. ನಿಮ್ಮೂರಿನ ಅಂಗಡಿಯವರಿಗೆ ಕಲೆ ಬೀಳುವ ಮೊದಲೇ ಈ ಮಾತನ್ನು ತಿಳಿಸಿರಿ.